ಚರ್ಚಿನ ವಾಳೆಯ (ನೆರೆಹೊರೆಯ ಮನೆಗಳ ಗುಂಪಿನ) ಕೂಟದಲ್ಲಿ ಭಾನುವಾರದ ಪೂಜೆಯ ಮೂರೂ ವಾಚನಗಳನ್ನು (ಬೈಬಲ್ ಭಾಗಗಳನ್ನು) ಜೋಡಿಸಿ ಹದಿನೈದು ನಿಮಿಷ ಮಾತಾಡುವುದು ಹೇಗೆ? ಒಳ್ಳೆಯ ದೃಷ್ಟಾಂತ ಕಥೆಗಳ ಪುಸ್ತಕ ಯಾವುದಿದೆ?

ಕುಂಬಳೆ ಕಡೆಯವರು, ವಾಳೆಯಲ್ಲಿ ಮಾತಾಡುವ ಜವಾಬ್ದಾರಿ ಈಗಷ್ಟೇ ಬಂತು ಎಂದು ಬರೆದಿದ್ದೀರಿ. ನಾನೂ ಕಾಸರಗೋಡು ಜಿಲ್ಲೆಯವನೇ. ಇದೇ ಪ್ರಶ್ನೆ ಇಟ್ಟುಕೊಂಡು 2011ರ ಜುಲೈಯಲ್ಲಿ ಕೂತಿದ್ದೆ. ಜುಲೈ 10, ಸಾಧಾರಣ ಕಾಲದ (ಹಬ್ಬದ ಕಾಲಗಳ ಹೊರಗಿನ ದಿನಗಳ) 15ನೇ ಭಾನುವಾರ, ಮೂರು ವರ್ಷಕ್ಕೊಮ್ಮೆ ಮರಳುವ ವಾಚನಗಳ ‘ಎ’ ವರ್ಷ. ಶುಭಸಂದೇಶ ಮತ್ತಾಯ 13, ಬಿತ್ತುವವನ ಸಾಮತಿ, ಅಂದರೆ ದೃಷ್ಟಾಂತ ಕಥೆ. ಹೊರಗೆ ಧೋ ಎಂದು ಮಳೆ, ಒಳಗೆ ಇಪ್ಪತ್ತು ಮನೆಯವರು, ಕೈಯಲ್ಲಿ ಆರು ಪುಟ ಬರಹ.

ಬೀಜ ಬೀಳುವುದು ನಾಲ್ಕು ಕಡೆ: ದಾರಿಯ ಬದಿ, ಕಲ್ಲು ನೆಲ, ಮುಳ್ಳು, ಒಳ್ಳೆಯ ಮಣ್ಣು. ನಾಲ್ಕು ಬಗೆಯ ಜನ. ‘ನೀವು ಯಾವ ಮಣ್ಣು?’ ಎಂದು ಕೇಳಿದೆ. ಮುಳ್ಳಿಗೆ ಬಂದಾಗ ಗಲ್ಫ್ ಹಣದ ಮಾತು ತೆಗೆದೆ. ಎರಡಂತಸ್ತಿನ ಮನೆ ಏಳುತ್ತದೆ, ಆದರೆ ಸಂಜೆಯ ಜಪಸರದ ಪ್ರಾರ್ಥನೆಗೆ ಪುರುಸೊತ್ತಿಲ್ಲ ಎಂದೆ. ಹೆಸರು ಹೇಳಿರಲಿಲ್ಲ, ಹೇಳುವ ಅಗತ್ಯವೂ ಬೀಳಲಿಲ್ಲ. ನಮ್ಮ ವಾಳೆಯಲ್ಲಿ ಆ ವರ್ಷ ಎರಡಂತಸ್ತಿನ ಮನೆ ಕಟ್ಟುತ್ತಿದ್ದದ್ದು ಒಬ್ಬರೇ. ಎಲ್ಲರ ತಲೆ ಒಂದು ಮೂಲೆಗೆ ತಿರುಗಿತು. ಆ ಮನೆಯ ಹೆಂಗಸು ಕೊನೆಯ ಪ್ರಾರ್ಥನೆಯವರೆಗೆ ತಲೆ ತಗ್ಗಿಸಿಯೇ ಕೂತಿದ್ದರು. ಆಮೇಲೆ ಒಂದೂವರೆ ವರ್ಷ ಆ ಮನೆಯಿಂದ ಯಾರೂ ಕೂಟಕ್ಕೆ ಬರಲಿಲ್ಲ. ಗಂಡನಿಗೆ ಅಲ್ಲಿ ಐದು ತಿಂಗಳಿಂದ ಸಂಬಳ ಸಿಕ್ಕಿರಲಿಲ್ಲ, ಮನೆ ಪೂರ್ತಿ ಸಾಲದ್ದು ಎಂದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ನಾಲಗೆ ಜಾರಿದ್ದು ಎಂದು ಆಗ ಕೆಲವರು ಸಮಾಧಾನ ಹೇಳಿದರು. ತಪ್ಪು ನಾಲಗೆಯದ್ದಾಗಿರಲಿಲ್ಲ, ತಯಾರಿಯ ಕ್ರಮದ್ದು. ನೀವು ಕೇಳಿದ ಪ್ರಶ್ನೆಯೊಳಗೂ ಅದೇ ಕ್ರಮ ಕಾಣುತ್ತಿದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ನಾನು ಅನ್ವಯವನ್ನು, ಅಂದರೆ ವಾಚನ ನಮ್ಮ ಬದುಕಿಗೆ ಏನು ಹೇಳುತ್ತದೆ ಎಂಬುದನ್ನು, ಮೊದಲು ಆರಿಸಿಕೊಂಡೆ. ‘ದುಡ್ಡು ಬಂದ ಮೇಲೆ ಭಕ್ತಿ ಕಡಿಮೆಯಾಗಿದೆ’ ಎಂಬುದು ಮಂಗಳವಾರವೇ ತಲೆಯಲ್ಲಿ ತಯಾರಾಗಿತ್ತು. ಬುಧವಾರ ಬೈಬಲ್ ತೆರೆದದ್ದು ಅದಕ್ಕೆ ಸಾಕ್ಷಿ ಹುಡುಕಲು. ಹಾಗೆ ಓದುವವನ ಕಣ್ಣಿಗೆ ಬೇಕಾದ ಪದ ಮಾತ್ರ ಬೀಳುತ್ತದೆ. ಮತ್ತಾಯ 13:22 ತೆರೆದು ನೋಡಿ. ಮುಳ್ಳು ಎಂದರೆ ಏನೆಂದು ಯೇಸುಸ್ವಾಮಿ ಅಲ್ಲಿ ಎರಡು ಹೇಳುತ್ತಾರೆ: ಮೊದಲು ಪ್ರಪಂಚದ ಚಿಂತೆ, ಆಮೇಲೆ ಸಿರಿತನದ ಮೋಸ. ನಾನು ಎರಡನೆಯದನ್ನು ಹಿಡಿದು ಮೊದಲನೆಯದನ್ನು ಹಾರಿಸಿದ್ದೆ. ಆ ಮೂಲೆಯಲ್ಲಿ ಕೂತಿದ್ದ ಹೆಂಗಸನ್ನು ಉಸಿರುಗಟ್ಟಿಸುತ್ತಿದ್ದದ್ದು ಆ ಮೊದಲನೆಯ ಮುಳ್ಳೇ. ದೇವರ ವಾಕ್ಯ ಅವರ ಕಷ್ಟದ ಹೆಸರು ಹಿಡಿದು ಕರೆದಿತ್ತು. ನಾನು ಆ ಅರ್ಧವನ್ನು ಓದಿಯೂ ಓದದವನ ಹಾಗೆ ದಾಟಿ, ಉಳಿದರ್ಧವನ್ನು ಅವರ ಮೇಲೆ ಎಸೆದಿದ್ದೆ.

ಅದೇ ತಪ್ಪಿನ ಇನ್ನೊಂದು ಮುಖ ಮೂರು ವಾಚನಗಳ ಜೋಡಣೆ. ಆ ಭಾನುವಾರದ ಎರಡನೆಯ ವಾಚನ ರೋಮನರಿಗೆ ಬರೆದ ಪತ್ರದ 8ನೇ ಅಧ್ಯಾಯ, ಸೃಷ್ಟಿಯೆಲ್ಲ ಹೆರಿಗೆಯ ನೋವಿನಲ್ಲಿರುವವಳ ಹಾಗೆ ನರಳುತ್ತಿದೆ ಎನ್ನುವ ಭಾಗ. ಅದನ್ನು ಬಿತ್ತನೆಗೆ ಗಂಟು ಹಾಕಲು ಎರಡು ಪುಟ ಖರ್ಚು ಮಾಡಿದ್ದೆ. ಬೇಕಾಗಿಯೇ ಇರಲಿಲ್ಲ. 1969ರಲ್ಲಿ ಬಂದ ವಾಚನಗಳ ಕ್ರಮದಲ್ಲಿ ಸಾಧಾರಣ ಕಾಲದ ಭಾನುವಾರಗಳಿಗೆ ಎರಡು ಬೇರೆ ಬೇರೆ ಸಾಲುಗಳಿವೆ. ಹಳೆ ಒಡಂಬಡಿಕೆಯ ಮೊದಲನೆಯ ವಾಚನವನ್ನು ಶುಭಸಂದೇಶಕ್ಕೆ ಹೊಂದುವಂತೆ ಆರಿಸುತ್ತಾರೆ, ಕೀರ್ತನೆ ಮೊದಲನೆಯ ವಾಚನಕ್ಕೆ ಉತ್ತರವಾಗಿ ಬರುತ್ತದೆ. ಎರಡನೆಯ ವಾಚನ ಮಾತ್ರ ತನ್ನ ಪಾಡಿಗೆ ಒಂದು ಪತ್ರವನ್ನು ವಾರದಿಂದ ವಾರಕ್ಕೆ ಮುಂದುವರಿಸುತ್ತದೆ. ‘ಎ’ ವರ್ಷದಲ್ಲಿ 9ರಿಂದ 24ನೇ ಭಾನುವಾರದವರೆಗೆ ರೋಮನರಿಗೆ ಬರೆದ ಪತ್ರವೇ ಓಡುತ್ತದೆ, ಶುಭಸಂದೇಶ ಏನೇ ಇರಲಿ. ಎಲ್ಲೋ ಒಮ್ಮೆ ಎರಡೂ ತಾಗಿದರೆ ಅದು ಆಕಸ್ಮಿಕ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲ, ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಹಾಗಲ್ಲ, ಅಲ್ಲಿ ಎರಡನೆಯದನ್ನೂ ಕಾಲಕ್ಕೆ ಹೊಂದಿಸಿಯೇ ಇಟ್ಟಿದ್ದಾರೆ. ಈಸ್ಟರಿನ ಪಾಸ್ಖ ಕಾಲದಲ್ಲಿ ಮೊದಲನೆಯ ವಾಚನ ಹಳೆ ಒಡಂಬಡಿಕೆಯದ್ದಲ್ಲ, ಹೊಸ ಒಡಂಬಡಿಕೆಯ ಪ್ರೇಷಿತರ ಕಾರ್ಯಕಲಾಪಗಳದ್ದು. ಇಷ್ಟು ಗೊತ್ತಿದ್ದರೆ ಇಲ್ಲದ ಗಂಟು ಹುಡುಕುವ ಕೆಲಸ ತಪ್ಪುತ್ತದೆ.

ನಿಜವಾದ ಗಂಟು ಇದ್ದ ಕಡೆ ನಾನು ನೋಡಲೇ ಇಲ್ಲ. ಆ ದಿನದ ಮೊದಲನೆಯ ವಾಚನ ಯೆಶಾಯ 55:10-11. ಆಕಾಶದಿಂದ ಇಳಿದ ಮಳೆ ನೆಲ ನೆನೆಸದೆ ಹಿಂದಿರುಗುವುದಿಲ್ಲ, ನನ್ನ ಬಾಯಿಂದ ಹೊರಟ ಮಾತೂ ಹಾಗೆಯೇ ಬರಿಗೈಯಲ್ಲಿ ಮರಳುವುದಿಲ್ಲ ಎನ್ನುತ್ತಾನೆ ದೇವರು. ಕೀರ್ತನೆ 65 ಇನ್ನೂ ಸ್ಪಷ್ಟ: ನೇಗಿಲ ಸಾಲು ತೋಯಿಸಿ, ಹೆಂಟೆ ಒಡೆದು, ಮಳೆಯಿಂದ ನೆಲವನ್ನು ಮೆತ್ತಗೆ ಮಾಡುವವನು ನೀನೇ. ಇವೆರಡನ್ನೂ ಓದಿದ ಮೇಲೆ ಸಾಮತಿಗೆ ಹೋದರೆ ಕಣ್ಣು ಮಣ್ಣಿನ ಮೇಲೆ ನಿಲ್ಲುವುದಿಲ್ಲ, ಬಿತ್ತುವವನ ಕೈಯ ಮೇಲೆ ನಿಲ್ಲುತ್ತದೆ. ಇಷ್ಟೊಂದು ಬೀಜ ಹಾಳಾದರೂ ಆತ ಕೈ ಬಿಗಿ ಹಿಡಿಯುವುದಿಲ್ಲ. ಮತ್ತಾಯನಲ್ಲಿ ಫಸಲು ನೂರು, ಅರುವತ್ತು, ಮೂವತ್ತು ಎಂದು ಇಳಿಯುತ್ತ ಬರುತ್ತದೆ. ಮಾರ್ಕನಲ್ಲಿ ಮೂವತ್ತರಿಂದ ಏರುತ್ತದೆ. ಮೂವತ್ತು ಕೊಟ್ಟ ಮಣ್ಣೂ ಇಲ್ಲಿ ಒಳ್ಳೆಯ ಮಣ್ಣೇ, ಅದಕ್ಕೆ ಯಾರೂ ಬೈಯುವುದಿಲ್ಲ.

ಇದನ್ನು ನನಗೆ ತಿಳಿಸಿದ್ದು ಗ್ರಂಥವಲ್ಲ. ಕೂಟ ಮುಗಿದು ಚಾ ಕುಡಿಯುವಾಗ ಅಡಿಕೆ ತೋಟದ ಹಿರಿಯರೊಬ್ಬರು ಕೊಂಕಣಿಯಲ್ಲಿ ಕೇಳಿದರು: ‘ಪುತಾ (ಮಗನೇ), ಮಣ್ಣು ತಾನಾಗಿ ಒಳ್ಳೇದಾಗ್ತದಾ? ನಮ್ಮ ತೋಟ ಇರುವುದು ಮುರಕಲ್ಲಿನ ಮೇಲೆ. ಅಜ್ಜ ಕಲ್ಲು ಒಡೆದು, ಗುಡ್ಡಕ್ಕೆ ಸುರಂಗ ಕೊರೆದು ನೀರು ತಂದ ಮೇಲೆ ತೋಟ ಆದದ್ದು.’ ಕೀರ್ತನೆ ಹೇಳಿದ್ದನ್ನೇ ಅವರೂ ಹೇಳಿದ್ದರು. ಆರು ಪುಟ ಬರೆದವನಿಗೆ ಅದು ಹೊಳೆದಿರಲಿಲ್ಲ.

ಇನ್ನು ನಿಮ್ಮ ಹದಿನೈದು ನಿಮಿಷಕ್ಕೆ ಬರುತ್ತೇನೆ. ಅಷ್ಟು ಬೇಡ. ಪೋಪ್ ಫ್ರಾನ್ಸಿಸ್ 2024ರ ಜೂನ್ 12ರಂದು, ಪ್ರಬೋಧನೆ (ವಾಚನಗಳ ಮೇಲಿನ ಪ್ರವಚನ) ಎಂಟು ನಿಮಿಷ ಮೀರಬಾರದು ಎಂದು ಹೇಳಿದ್ದು ಪೂಜೆಯಲ್ಲಿ ಮಾತಾಡುವ ಗುರುಗಳಿಗೆ. ನಾವು ಕೊಡುವುದು ಪ್ರಬೋಧನೆಯೂ ಅಲ್ಲ. ಪೂಜೆಯೊಳಗಿನ ಪ್ರಬೋಧನೆ ಗುರುಗಳಿಗೆ ಮತ್ತು ಡೀಕನರಿಗೆ (ಗುರುಗಳಿಗಿಂತ ಕೆಳಗಿನ ದೀಕ್ಷೆ ಪಡೆದವರಿಗೆ) ಮೀಸಲು, ಧರ್ಮಸಭೆಯ ಕಾನೂನಿನ 767ನೇ ವಿಧಿ ಅದನ್ನು ಹೇಳುತ್ತದೆ. ವಾಳೆಯ ಕೂಟದಲ್ಲಿ ನಮ್ಮ ಕೆಲಸ ವಾಕ್ಯವನ್ನು ನಡುವೆ ಇಟ್ಟು ಎಲ್ಲರೂ ಅದರ ಹತ್ತಿರ ಬರುವಂತೆ ಮಾಡುವುದು. ಐದು ನಿಮಿಷ ಮಾತು ಸಾಕು. ನಿಧಾನವಾಗಿ ಆಡುವ ಕನ್ನಡದಲ್ಲಿ ಅದು ನನ್ನ ಲೆಕ್ಕಕ್ಕೆ ನಾನೂರು ಪದ, ಅದಕ್ಕಿಂತ ಹೆಚ್ಚಾದರೆ ಕಡಿಯಿರಿ. ಉಳಿದ ಹತ್ತು ನಿಮಿಷ ಜನರಿಗೆ ಬಿಡಿ. ಕಿರು ಸಮುದಾಯಗಳಲ್ಲಿ ನಡೆಯುವ ಏಳು ಹೆಜ್ಜೆಯ ಕ್ರಮ ನಿಮ್ಮಲ್ಲೂ ಇದ್ದೀತು: ಪ್ರಭುವನ್ನು ಕರೆಯುವುದು, ಓದುವುದು, ಮನಸ್ಸಿಗೆ ತಾಗಿದ ಪದವನ್ನು ಒಬ್ಬೊಬ್ಬರೇ ಗಟ್ಟಿಯಾಗಿ ಹೇಳುವುದು, ಮೌನ, ಹಂಚಿಕೊಳ್ಳುವುದು, ಮಾಡಬೇಕಾದ ಕೆಲಸ, ಪ್ರಾರ್ಥನೆ. ಹೆಚ್ಚಿನ ಕಡೆ ಕೆಡುವುದು ಮೂರನೆಯ ಮತ್ತು ನಾಲ್ಕನೆಯ ಹೆಜ್ಜೆ. ಪದ ಹೇಳುವ ಬದಲು ಯಾರಾದರೂ ವ್ಯಾಖ್ಯಾನಕ್ಕೆ ಇಳಿಯುತ್ತಾರೆ. ‘ಈಗ ಪದ ಮಾತ್ರ, ಮಾತು ಆಮೇಲೆ’ ಎಂದು ಮೆಲ್ಲಗೆ ತಡೆಯಿರಿ. ಮೌನಕ್ಕೆ ಗಡಿಯಾರ ನೋಡಿ ಪೂರ್ತಿ ಮೂರು ನಿಮಿಷ ಕೊಡಿ. ಒಂದೇ ನಿಮಿಷಕ್ಕೆ ಯಾರೋ ಕೆಮ್ಮುತ್ತಾರೆ, ನೀವು ಹೆದರಿ ಹಾಡು ಶುರು ಮಾಡುತ್ತೀರಿ. ಮಾಡಬೇಡಿ.

ತಯಾರಿಗೆ ನಾನು ಹಿಡಿದಿರುವ ಕ್ರಮ ಹೀಗಿದೆ. ಸೋಮವಾರ ಶುಭಸಂದೇಶವನ್ನು ಗಟ್ಟಿಯಾಗಿ ಎರಡು ಸಲ ಓದಿ, ಪೆನ್ನು ಮುಟ್ಟಬೇಡಿ. ಮಂಗಳವಾರ ಬೈಬಲಿನಲ್ಲಿ ಅದರ ಹಿಂದಿನ ಹತ್ತು ವಾಕ್ಯ, ಮುಂದಿನ ಹತ್ತು ವಾಕ್ಯ ನೋಡಿ. ವಾಚನ ಪುಸ್ತಕ ಕೆಲವೊಮ್ಮೆ ನಡುವಿನ ವಾಕ್ಯಗಳನ್ನು ಬಿಟ್ಟಿರುತ್ತದೆ, ಬಿಟ್ಟಲ್ಲೇ ಕೀಲಿ ಇರುವುದುಂಟು. ಬುಧವಾರ ಮೊದಲನೆಯ ವಾಚನ ಮತ್ತು ಕೀರ್ತನೆ. ಮೂರರಲ್ಲೂ ಕ್ರಿಯಾಪದಗಳಿಗೆ ಗೆರೆ ಎಳೆಯಿರಿ, ದೇವರು ಮಾಡುವುದಕ್ಕೆ ಒಂದು ಬಣ್ಣ, ಮನುಷ್ಯರು ಮಾಡುವುದಕ್ಕೆ ಇನ್ನೊಂದು. ನಾನು 2011ರಲ್ಲಿ ಇಷ್ಟು ಮಾಡಿದ್ದರೆ ಸಾಕಿತ್ತು: ನೆನೆಸುತ್ತಾನೆ, ಒಡೆಯುತ್ತಾನೆ, ಬಿತ್ತುತ್ತಾನೆ, ಪುಟದ ತುಂಬ ಒಂದೇ ಬಣ್ಣ. ಗುರುವಾರ ಒಂದೇ ಒಂದು ವಾಕ್ಯ ಬರೆಯಿರಿ, ದೇವರು ಕರ್ತೃವಾಗಿರುವ ವಾಕ್ಯ. ‘ನಾವು ಮಾಡಬೇಕು’ ಎಂದು ಶುರುವಾದರೆ ಹರಿದು ಮತ್ತೆ ಬರೆಯಿರಿ. ಅನ್ವಯ ಶುಕ್ರವಾರಕ್ಕೆ, ಅದಕ್ಕಿಂತ ಮುಂಚೆ ಬೇಡ.

ಅನ್ವಯದಲ್ಲಿ ‘ಪ್ರೀತಿಯಿಂದ ಬಾಳೋಣ’ ಎಂದರೆ ಯಾರಿಗೂ ಏನೂ ತಾಗುವುದಿಲ್ಲ. ಒಂದು ದಿನ, ಒಂದು ಹೊತ್ತು, ಒಂದು ಜಾಗ ಹೇಳಿ. ಕೊಳೆರೋಗಕ್ಕೆ ಮದ್ದು ಬಿಡಲು ಮಳೆ ಬಿಡುವು ಕೊಡದ ವಾರ, ಸೊಸೈಟಿಯ ಕಂತಿನ ತಾರೀಕು, ಮಗನ ಫೋನ್ ಬಾರದ ಶುಕ್ರವಾರ. ಆದರೆ ಬರೆದ ಉದಾಹರಣೆಯನ್ನು ವಾಳೆಯ ಮನೆಗಳ ಪಟ್ಟಿಯ ಪಕ್ಕ ಇಟ್ಟು ನೋಡಿ. ಮೂರು ಮನೆಗಾದರೂ ಹೊಂದಬೇಕು. ಒಂದೇ ಮನೆಗೆ ಹೊಂದಿದರೆ ಅದು ಬೆರಳು ತೋರಿಸಿದ ಹಾಗೆ, ಎಷ್ಟು ಒಳ್ಳೆಯ ಉದಾಹರಣೆಯಾದರೂ ತೆಗೆದುಹಾಕಿ. ಮನೆ ಭೇಟಿಯಲ್ಲಿ ಕಿವಿಗೆ ಬಿದ್ದದ್ದನ್ನು, ಹೆಸರು ಬದಲಿಸಿಯೂ, ಎಂದೂ ಬಳಸಬೇಡಿ. ‘ಶುಭಸಂದೇಶದ ಆನಂದ’ ಕುರಿತ 2013ರ ಪತ್ರದಲ್ಲಿ ಪೋಪ್ ಫ್ರಾನ್ಸಿಸ್, ಮಾಡಬಾರದ್ದನ್ನು ತೋರಿಸುವುದಕ್ಕಿಂತ ಇನ್ನೂ ಚೆನ್ನಾಗಿ ಮಾಡಬಹುದಾದದ್ದನ್ನು ಮುಂದಿಡಿ ಎನ್ನುತ್ತಾರೆ. ನನಗೆ ಆ ಮಾತು ಎರಡು ವರ್ಷ ತಡವಾಗಿ ಸಿಕ್ಕಿತು.

ಕಥೆ ಪುಸ್ತಕ ಕೇಳಿದ್ದೀರಿ. ಕೊಳ್ಳಬೇಡಿ. ಹದ್ದು, ಬಡಗಿ, ಒಡೆದ ಕೊಡ ಎಂದು ಎಲ್ಲರೂ ಕೇಳಿದ ಕಥೆಗಳೇ ಅವುಗಳಲ್ಲಿ ಇರುತ್ತವೆ, ಮನೆಗೆ ಹೋಗುವಾಗ ಜನರಿಗೆ ಕಥೆ ನೆನಪಿರುತ್ತದೆ, ವಾಕ್ಯ ಮರೆತಿರುತ್ತದೆ. ಸಾಮತಿಯೇ ಕಥೆ, ಅದರ ಮೇಲೆ ಇನ್ನೊಂದು ಕಥೆ ಹೇರುವುದು ಏಕೆ? ಅದರ ಬದಲು ಒಂದು ಚಿತ್ರ ಹುಡುಕಿ, ನಮ್ಮ ನೆಲದ್ದು. ಕಲ್ಲು ನೆಲ ಎಂದರೆ ಕಲ್ಲು ತುಂಬಿದ ಗದ್ದೆ ಅಲ್ಲ, ಬಂಡೆಯ ಮೇಲಿನ ತೆಳ್ಳನೆಯ ಮಣ್ಣು. ನಮ್ಮ ಪಾದೆಗಳ (ಬಯಲು ಬಂಡೆಗಳ) ಮೇಲೆ ನಾಲ್ಕು ಬೆರಳು ಮಣ್ಣಿನಲ್ಲಿ ಜೂನಿಗೆ ಹಸಿರೇಳುವ ಹುಲ್ಲು ಡಿಸೆಂಬರಿಗೆ ಒಣಗಿರುತ್ತದಲ್ಲ, ಅದನ್ನು ಹೇಳಿದರೆ ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಮಕ್ಕಳ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ, ಗಡಿಯಾಚೆಯ ಕರ್ನಾಟಕದ ಪುಸ್ತಕಗಳಲ್ಲಿ ಇದು ಸಿಗುವುದಿಲ್ಲ. ನಮ್ಮ ಕೂಟಗಳಲ್ಲಿ ಅಜ್ಜಿಯದು ಕೊಂಕಣಿ, ಅಪ್ಪನದು ಕನ್ನಡ ಶಾಲೆ, ಮಗಳದು ಮಲಯಾಳ ಶಾಲೆ. ‘ಸಂಸಾರದ ಚಿಂತೆ’ ಎಂದರೆ ನಮಗೆ ಮನೆಮಂದಿಯ ಚಿಂತೆ. ಮಲಯಾಳದಲ್ಲಿ ಸಂಸಾರವೆಂದರೆ ಮಾತುಕತೆ. ‘ಅವಕಾಶ’ ನಮಗೆ ಸಂದರ್ಭ, ಆ ಹುಡುಗಿಗೆ ಹಕ್ಕು. ‘ಪಶ್ಚಾತ್ತಾಪಕ್ಕೆ ಅವಕಾಶ’ ಎಂದಾಗ ಅವಳು ಕೇಳಿಸಿಕೊಳ್ಳುವುದೇ ಬೇರೆ. ಗುರುವಾರ ಬರೆದ ಆ ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಿ, ಕೊಂಕಣಿಯಲ್ಲಿ ಹೇಳಿ, ಮಲಯಾಳ ಬಲ್ಲವರಿಂದ ಒಮ್ಮೆ ಹೇಳಿಸಿ. ಉಳಿದದ್ದು ಒಂದೇ ಭಾಷೆಯಲ್ಲಿ ಸಾಗಲಿ.

ಮುಂದಿನ ಕೂಟ ಯಾರ ಮನೆಯಲ್ಲಿ ಎಂದು ವಾಳೆಯ ಮುಖ್ಯಸ್ಥರಾದ ಗುರ್ಕಾರರನ್ನು ಶುಕ್ರವಾರವೇ ಕೇಳಿ. ಆ ಮನೆಯಲ್ಲಿ ಈಚೆಗೆ ಸಾವಾಗಿದೆಯಾ, ಯಾರಾದರೂ ಮಲಗಿದ್ದಾರಾ, ಕೆಲಸ ಹೋಗಿದೆಯಾ ಎಂದೂ ಕೇಳಿಕೊಳ್ಳಿ. ಕೂಟದಲ್ಲಿ ಅದನ್ನು ಎತ್ತುವುದಕ್ಕಲ್ಲ. ಬರೆದ ನಾನೂರು ಪದಗಳನ್ನು ಆ ಮನೆಯ ಬೆಂಚಿನ ಮೇಲೆ ಕೂತವರ ಕಿವಿಯಿಂದ ಇನ್ನೊಮ್ಮೆ ಓದುವುದಕ್ಕೆ.