ಎರಡನೇ ಎಚ್‌ಡಿ ಬಾಕ್ಸ್‌ನಲ್ಲಿ ಕೆಲವು ಚಾನೆಲ್ ಬರದಿದ್ದರೆ

ಹಾಲ್‌ನ ಟಿವಿ ಹಾಕಿದಾಗ ಬೆಡ್‌ರೂಮಿನ ಹೊಸ ಎಚ್‌ಡಿ ಬಾಕ್ಸ್‌ನಲ್ಲಿ ಕೆಲವು ಚಾನೆಲ್ ಹೋಗುತ್ತವೆ ಅಂದಿರಲ್ಲ, ಅದಕ್ಕೆ ಕಾರಣ ಬಹುಶಃ ಮಧ್ಯೆ ಹಾಕಿರುವ ಸ್ಪ್ಲಿಟರ್, ಅಂದರೆ ಡಿಶ್‌ನ ಒಂದೇ ಕೇಬಲ್ ಅನ್ನು ಎರಡು ಬಾಕ್ಸ್‌ಗೆ ಹಂಚುವ ಭಾಗ. ಚಾನೆಲ್‌ಗಳು ವರ್ಟಿಕಲ್, ಹಾರಿಜಾಂಟಲ್ ಎಂಬ ಎರಡು ಬಗೆಯ ಸಿಗ್ನಲ್‌ನಲ್ಲಿ ಬರುತ್ತವೆ. ಬಾಕ್ಸ್ 13 ವೋಲ್ಟ್ ಕಳಿಸಿದರೆ ಡಿಶ್‌ನ ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ) ವರ್ಟಿಕಲ್ ಸಿಗ್ನಲ್ ಕೊಡುತ್ತದೆ, 18 ಕಳಿಸಿದರೆ ಹಾರಿಜಾಂಟಲ್. ಒಂದೇ ಕೇಬಲ್‌ನಲ್ಲಿ ಎರಡೂ ಒಟ್ಟಿಗೆ ಬರುವುದಿಲ್ಲ, ಹಾಗಾಗಿ ಎರಡು ಬಾಕ್ಸ್ ಬೇರೆ ಬೇರೆ ಸಿಗ್ನಲ್ ಕೇಳಿದರೆ ಒಂದಕ್ಕೆ ಸಿಗುವುದಿಲ್ಲ.

ಸುಮ್ನೆ ಡಿಶ್ ಬದಲಿಸಬೇಡಿ, ಇರುವುದೇ ಸಾಕು. ಮೊದಲು ಎರಡೂ ಬಾಕ್ಸ್‌ನ ಪ್ಲಗ್ ತೆಗೆಯಿರಿ. ನಿಮ್ಮ ಕನೆಕ್ಷನ್‌ಗೆ ಹೊಂದುವ ಟ್ವಿನ್ ಎಲ್‌ಎನ್‌ಬಿ (ಎರಡು ಕೇಬಲ್ ಹಾಕಬಹುದಾದದ್ದು) ತಂದು, ಹಳೆಯದು ಕೂತಿದ್ದ ಕೋನದಲ್ಲೇ ಕೂರಿಸಿ. ಒಂದೊಂದು ಬಾಕ್ಸ್‌ಗೂ ಮೇಲಿಂದ ಬೇರೆ ಬೇರೆ ಆರ್‌ಜಿ6 ಕೇಬಲ್ (ಡಿಶ್‌ಗೆ ಬಳಸುವ ದುಂಡು ಕೇಬಲ್) ಎಳೆಯಿರಿ, ಮಧ್ಯೆ ಜಾಯಿಂಟ್ ಬೇಡ. ಕೇಬಲ್ ತುದಿಗೆ ಎಫ್ ಕನೆಕ್ಟರ್ (ತಿರುಗಿಸಿ ಹಾಕುವ ಲೋಹದ ಪಿನ್) ಹಾಕುವಾಗ ಕೇಬಲ್‌ನ ಹೊರಗಿನ ಜಾಲರಿಯ ಒಂದು ಎಳೆ ಕೂಡ ನಡುವಿನ ತಂತಿಗೆ ತಾಗಬಾರದು, ತಾಗಿದರೆ ಶಾರ್ಟ್ ಆಗುತ್ತದೆ.

ಆಮೇಲೂ ತೊಂದರೆ ಇದ್ದರೆ ಬಾಕ್ಸ್‌ಗಳನ್ನು ಅದಲು ಬದಲು ಮಾಡಿ ನೋಡಿ. ತೊಂದರೆ ಬಾಕ್ಸ್ ಜೊತೆಗೇ ಹೋದರೆ ಬಾಕ್ಸ್ ಕೆಟ್ಟಿದೆ. ಅದೇ ರೂಮಿನಲ್ಲಿ ಉಳಿದರೆ ಆ ಕೇಬಲ್ ನೋಡಿ.