ಡಯಲ್ ಗಾಜು ಮತ್ತು ಬ್ಯಾಂಡ್ ಸ್ವಿಚ್ಚು: ದಯವಿಟ್ಟು ಸ್ಪ್ರೇ ಹೊಡೆಯಬೇಡಿ

ನಿಮ್ಮ ಟಿಎಸ್-520 ಎಂಬ ಹಳೆಯ ಕೆನ್‌ವುಡ್ ಹ್ಯಾಮ್ ರೇಡಿಯೋ ಸೆಟ್ಟನ್ನು ಸ್ವಚ್ಛ ಮಾಡುತ್ತಾ, ಬ್ಯಾಂಡ್ ಸ್ವಿಚ್ಚಿಗೆ (ತರಂಗ ಪಟ್ಟಿ ಬದಲಿಸುವ ಸ್ವಿಚ್ಚು) ತುಕ್ಕು ಬಿಡಿಸುವ ಡಬ್ಲ್ಯುಡಿ-40 ಸ್ಪ್ರೇ ಹೊಡೆದಾಯಿತು, ಇನ್ನು ಡಯಲ್ ಗಾಜಿಗೆ ಕಿಟಕಿ ಒರೆಸುವ ದ್ರವ ಎಂದು ಈ ವೇದಿಕೆಯಲ್ಲಿ ಬರೆದಿದ್ದೀರಿ. ದಯವಿಟ್ಟು ಅಲ್ಲಿಗೇ ನಿಲ್ಲಿಸಿ.

ನಾನೂ ಇದನ್ನೇ ಮಾಡಿದ್ದೆ. ನನ್ನ ಮೊದಲ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ರಿಸೀವರಿನ ಗಾಜಿನ ಒಳಬದಿಗೆ ಅಮೋನಿಯಾ ಇದ್ದ ದ್ರವ ಸಿಂಪಡಿಸಿ ಒರೆಸಿದೆ. ಧೂಳಿನ ಜೊತೆಗೆ 40 ಮೀಟರ್ ಬ್ಯಾಂಡಿನ, ಅಂದರೆ 7 ಮೆಗಾಹರ್ಟ್ಸಿನ, ಅಂಕಿಗಳೂ ಬಟ್ಟೆಗೆ ಬಂದುಬಿಟ್ಟವು. ಅಂಥ ಗಾಜಿನಲ್ಲಿ ಅಕ್ಷರಗಳನ್ನು ಹಿಂಬದಿಗೆ ಅಚ್ಚು ಹಾಕಿರುತ್ತಾರೆ, ಬಣ್ಣ ಹಳತಾದಷ್ಟೂ ಹಿಡಿತ ಸಡಿಲ. ಆ ರಿಸೀವರ್ ಇಂದಿಗೂ ನನ್ನ ಬಳಿ ಇದೆ, 7 ಮೆಗಾಹರ್ಟ್ಸ್ ಇರಬೇಕಾದಲ್ಲಿ ಬರೀ ಗಾಜು. ಒಳಬದಿಗೆ ಮೃದುವಾದ ಒಣ ಕುಂಚ ಸಾಕು. ವಾಲ್ವಿನ ಮೇಲಿನ ಬರಹವೂ ಹಾಗೆಯೇ. ಒದ್ದೆ ಬಟ್ಟೆ ತಾಗಿಸಿದರೆ ನೋಡಲು ಒಂದೇ ಥರದ 12ಎಎಕ್ಸ್7 ವಾಲ್ವ್ ಯಾವುದು, 12ಎಟಿ7 ಯಾವುದು ಎಂದು ಕಣ್ಣಳತೆಯಲ್ಲಿ ಹೇಳಲಾಗದು.

ಸ್ವಿಚ್ಚಿಗೆ ಡಬ್ಲ್ಯುಡಿ-40 ಬೇಡವೇ ಬೇಡ. ಅದರ ಎಣ್ಣೆ ಉಳಿದು ಧೂಳು ಹಿಡಿಯುತ್ತದೆ, ಸ್ವಿಚ್ಚಿನ ಕಾಂಟ್ಯಾಕ್ಟುಗಳನ್ನು ಹೊತ್ತ ಫಿನಾಲಿಕ್ ವೇಫರ್ (ರಾಳದ ತೆಳು ಬಿಲ್ಲೆ) ಅದನ್ನು ಹೀರಿಕೊಳ್ಳುತ್ತದೆ. ನಾನು ನಂಬುವುದು ಡಿಆಕ್ಸಿಟ್ ಡಿ5 ಎಂಬ ಕಾಂಟ್ಯಾಕ್ಟ್ ಕ್ಲೀನರ್. ಅದನ್ನೂ ನೇರವಾಗಿ ಹೊಡೆಯುವುದಿಲ್ಲ. ಮುಚ್ಚಳಕ್ಕೆ ಸ್ವಲ್ಪ ಸಿಂಪಡಿಸಿಕೊಂಡು, ಹಲ್ಲುಕಡ್ಡಿಯ ತುದಿಯಲ್ಲಿ ಎತ್ತಿ, ಪ್ರತಿ ಕಾಂಟ್ಯಾಕ್ಟಿಗೆ ಒಂದೇ ತೊಟ್ಟು. ನಾಬ್ ಅನ್ನು 20 ಸಲ ತಿರುಗಿಸಿ, ಉಳಿದದ್ದನ್ನು ಕಾಗದದ ತುದಿಯಿಂದ ಹೀರಿಸಿ. ಉರಿಯುವ ದ್ರಾವಕ ಅದು, ಪೂರ್ತಿ ಆರುವವರೆಗೆ ಸೆಟ್ ಆನ್ ಮಾಡಬೇಡಿ. ವಾಲ್ಯೂಮ್‌ನಂಥ ನಾಬ್‌ಗಳ ಹಿಂದಿನ ಕಾರ್ಬನ್ ಪೊಟೆನ್ಷಿಯೋಮೀಟರುಗಳಿಗೆ ಅದೇ ಕಂಪನಿಯ ಎಫ್5 ಹೆಚ್ಚು ಹೊಂದುತ್ತದೆ.

ಇಷ್ಟೆಲ್ಲ ಮಾಡುವ ಮೊದಲು ಪ್ಲಗ್ ಕಿತ್ತಿದ್ದಿರಿ ತಾನೇ? ಪ್ರಸಾರದ ಶಕ್ತಿ ಕೊಡುವ ಕೊನೆಯ ಹಂತದ (ಫೈನಲ್) ವಾಲ್ವುಗಳಿಗೆ ಸುಮಾರು 800 ವೋಲ್ಟ್ ಹೋಗುವ ಸೆಟ್ ಅದು. ಸೆಟ್ ಆರಿಸಿದ ಮೇಲೆ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಸುಟ್ಟುಹೋಗಿದ್ದರೆ ಕೆಪಾಸಿಟರುಗಳಲ್ಲಿ ಚಾರ್ಜ್ ಬಹಳ ಹೊತ್ತು ಉಳಿಯುತ್ತದೆ. ಸ್ಕ್ರೂಡ್ರೈವರ್ ಹಾಕಿ ಶಾರ್ಟ್ ಮಾಡುವುದನ್ನು ಇಲ್ಲಿ ಕೆಲವರು ಕಲಿಸುತ್ತಿದ್ದಾರೆ, ಅದು ತಪ್ಪು. ಇನ್ಸುಲೇಟ್ ಆದ ಹಿಡಿಗೆ ಕೆಲವು ಕಿಲೋಓಮಿನ ವೈರ್‌ವೌಂಡ್ ರೆಸಿಸ್ಟರ್ ಕಟ್ಟಿ, ಒಂದು ಕೈಯಿಂದಲೇ ಡಿಸ್ಚಾರ್ಜ್ ಮಾಡಿ, 1000 ವೋಲ್ಟ್ ತಾಳುವ ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಒಳಗೆ ಬೆರಳಿಡಿ.

ಬೇರೆ ಹಳೆಯ ಸೆಟ್ಟುಗಳನ್ನು ತೆರೆಯುವವರಿಗೂ ಒಂದು ಮಾತು: ಕ್ಯಾಡ್ಮಿಯಂ ಲೇಪದ ಚಾಸಿಯ (ಲೋಹದ ಚೌಕಟ್ಟಿನ) ಮೇಲೆ ಬಿಳಿ ಅಥವಾ ಹಳದಿ ಪುಡಿ ಕಂಡರೆ ಒಣ ಬ್ರಷ್ ಆಡಿಸಬೇಡಿ, ಮರಳು ಕಾಗದವಂತೂ ಬೇಡವೇ ಬೇಡ. ಅದು ವಿಷ, ಉಸಿರಿಗೆ ಹೋಗಬಾರದು. ಕೈಗವಸು ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬೇರೆ ಇಡಿ. ಟ್ಯೂನಿಂಗ್ ಕೆಪಾಸಿಟರಿನ ರೆಕ್ಕೆಗಳಿಗೆ ಕಂಪ್ರೆಸರ್ ಗಾಳಿಯೂ ಬೇಡ, ಒಂದು ಬಾಗಿದರೂ ಡಯಲ್ ಅಳತೆ ಕೆಟ್ಟಂತೆಯೇ.