ಬೂದಿ, ಹುಣ್ಣಿಮೆ, ಗೋದಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಶಾಲಾ ಶಿಕ್ಷಕಿ, ಲಿಂಗಾಯತ ಮನೆತನದವಳು. 2026ರ ಫೆಬ್ರುವರಿ 18ರ ಬುಧವಾರ ನಮ್ಮ ಕಥೋಲಿಕ ಸಹೋದ್ಯೋಗಿಯೊಬ್ಬರು ಹಣೆಯ ಮೇಲೆ ಬೂದಿಯ ಶಿಲುಬೆ ಇರಿಸಿಕೊಂಡು ಬಂದರು. ಮಧ್ಯಾಹ್ನ ಊಟದ ಡಬ್ಬಿಯನ್ನೂ ತೆರೆಯಲಿಲ್ಲ. ಕೇಳಿದಾಗ, "ಇವತ್ತು ನಮಗೆ ವಿಭೂತಿ ಬುಧವಾರ" ಎಂದರು. ವಿಭೂತಿ ನಮ್ಮದಲ್ಲವೆ? ಇದಕ್ಕೂ ಅದಕ್ಕೂ ಸಂಬಂಧವುಂಟೆ?

ಉತ್ತರ: ಹೆಸರು ನಿಮ್ಮ ಮನೆಯದೇ, ಮೇಡಂ. ಲ್ಯಾಟಿನ್ ಪೂಜಾಗ್ರಂಥದಲ್ಲಿ ಅದು ಬರಿಯ 'ಬೂದಿಯ ಬುಧವಾರ'. ಆದರೆ ಕನ್ನಡ ಕಥೋಲಿಕರು, ಒಲೆಯ ಬೂದಿಯಂತಲ್ಲದೆ ಪೂಜ್ಯಭಾವದಿಂದ ಹಣೆಗೇರುವ ಬೂದಿಗೆ ಈ ನೆಲದಲ್ಲಿ ಮೊದಲೇ ಇದ್ದ ಮಾತನ್ನು ತಮ್ಮದಾಗಿಸಿಕೊಂಡಿದ್ದಾರೆ. ಹೆಸರು ಒಂದಾದರೂ ವಸ್ತುವೂ ಭಾವವೂ ಬೇರೆ. ನಿಮ್ಮ ವಿಭೂತಿ ಸಗಣಿಯನ್ನು ಸುಟ್ಟು ಸಂಸ್ಕರಿಸಿದ್ದು. ಅಷ್ಟಾವರಣಗಳಲ್ಲಿ ಒಂದಾಗಿ, ನಿತ್ಯವೂ ಧರಿಸುವ ರಕ್ಷೆ ಅದು. ಅವರ ಬೂದಿ ಹಿಂದಿನ ವರ್ಷದ ಗರಿಗಳ ಭಾನುವಾರದಂದು ಮಂತ್ರಿಸಿ ಕೊಟ್ಟ ಗರಿಗಳದ್ದು. ಯೇಸುಸ್ವಾಮಿ ಜೆರುಸಲೇಮಿಗೆ ಬಂದಾಗ ಜನ ಗರಿ ಹಿಡಿದು ಜಯಕಾರ ಮಾಡಿದ್ದರ ನೆನಪಿಗೆ ಈಚಲಿನದೋ ತೆಂಗಿನದೋ ಗರಿಯನ್ನು ಮನೆಗೆ ಒಯ್ದು, ಶಿಲುಬೆಯ ಹಿಂದೆ ಸಿಕ್ಕಿಸಿ ವರ್ಷವಿಡೀ ಇಟ್ಟುಕೊಂಡಿರುತ್ತಾರೆ. ಒಣಗಿದ ಆ ಜಯಘೋಷವನ್ನೇ ಸುಟ್ಟು, "ನೀನು ಮಣ್ಣು, ಮರಳಿ ಮಣ್ಣಿಗೇ ಸೇರುವೆ" ಎಂದೋ, "ಪಶ್ಚಾತ್ತಾಪಪಟ್ಟು ಶುಭಸಂದೇಶವನ್ನು ನಂಬು" ಎಂದೋ ಹೇಳಿ ಗುರುಗಳು ಹಣೆಗೆ ಹಚ್ಚುತ್ತಾರೆ. ವರ್ಷಕ್ಕೊಮ್ಮೆ ಮಾತ್ರ ಬರುವ ಈ ಗುರುತು ತಪ್ಪೊಪ್ಪಿಗೆಯದು.

ಯೇಸು ಸತ್ತು ಮರಳಿ ಎದ್ದುದನ್ನು ನೆನೆಯುವ ಈಸ್ಟರ್ ಹಬ್ಬಕ್ಕೆ ಸಿದ್ಧವಾಗುವ ತಪಸ್ಸು ಕಾಲ ಆ ದಿನದಿಂದ ಮೊದಲಾಗುತ್ತದೆ. ನಲವತ್ತು ದಿನ ಎನ್ನುತ್ತಾರೆ. ಆದರೆ ಫೆಬ್ರುವರಿ 18ರಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ, ಅಂದರೆ ಏಪ್ರಿಲ್ 4ರವರೆಗೆ, ಎಣಿಸಿದರೆ 46 ಆಗುತ್ತದೆ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸ ಸಲ್ಲದೆಂಬುದು ಹಳೆಯ ಕಟ್ಟಳೆ; ನಡುವಿನ ಆರು ಭಾನುವಾರಗಳನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ. ಯೇಸು ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದುದೇ ಈ ಎಣಿಕೆಗೆ ಮೂಲ. ಕಥೋಲಿಕ ಧರ್ಮಸಭೆಯ ಕಾನೂನು ಕಟ್ಟುನಿಟ್ಟಿನ ಉಪವಾಸ ಕೇಳುವುದು ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಅಂದು ಹೊಟ್ಟೆ ತುಂಬ ಊಟ ಒಂದೇ ಹೊತ್ತು. ನಿಮ್ಮ ಸಹೋದ್ಯೋಗಿ ಆ ಊಟವನ್ನು ರಾತ್ರಿಗೆ ಇಟ್ಟುಕೊಂಡಿರಬೇಕು. ಮಾಂಸ ವರ್ಜಿಸುವ ನಿಯಮ 14 ತುಂಬಿದವರೆಲ್ಲರಿಗೂ ಉಂಟು, ಮೀನಿಗೆ ಅಡ್ಡಿಯಿಲ್ಲ. ಇಲ್ಲೊಂದು ಮಾತು ಹೇಳಲೇಬೇಕು: ಶುಕ್ರವಾರ ಕುರಿ ಮಾಂಸ ಬಿಟ್ಟೆವೆಂದು ಹೇಳಿಕೊಂಡು ತುಂಗಭದ್ರಾ ಜಲಾಶಯದ ದೊಡ್ಡ ಮೀನನ್ನು ಮಸಾಲೆ ಅರೆದು ಹುರಿಯುವ ಮನೆಗಳನ್ನು ನಾನು ಬಲ್ಲೆ. ನಿಯಮ ಮುರಿದಿಲ್ಲ, ನಿಜ. ಆದರೆ ವಿಭೂತಿ ಬುಧವಾರದ ಮರುಶುಕ್ರವಾರವೇ ಪೂಜೆಯಲ್ಲಿ ಓದುವ ಯೆಶಾಯನ ಪ್ರವಾದನೆ, ಹಸಿದವನೊಡನೆ ನಿನ್ನ ಅನ್ನವನ್ನು ಹಂಚಿಕೊಳ್ಳುವುದೇ ನಾನು ಬಯಸುವ ಉಪವಾಸ ಎನ್ನುತ್ತದೆ. ಬಿಟ್ಟ ಊಟದ ಬೆಲೆ ಬಡವರ ಕೈಸೇರಿದಾಗಲೇ ಆ ಮಾತಿಗೆ ಸಮೀಪ ಬಂದಂತೆ.

ಪ್ರಶ್ನೆ: ಮುದಗಲ್ಲಿನವನು ನಾನು. ನಮ್ಮ ಊರಿನ ಮೊಹರಂ ವರ್ಷವರ್ಷವೂ ಹನ್ನೊಂದು ದಿನದಷ್ಟು ಮುಂಚೆ ಬರುತ್ತದೆ; ಯುಗಾದಿ ಒಂದು ತಿಂಗಳ ಆಚೀಚೆ ಸರಿಯುತ್ತದೆ. ಕ್ರಿಸ್ಮಸ್ ಮಾತ್ರ ಡಿಸೆಂಬರ್ 25ಕ್ಕೇ ನಿಂತಿದೆ. ಹಾಗಿರುವಾಗ ಈಸ್ಟರ್ ಏಕೆ ಅಲೆಯುತ್ತದೆಂದು ಗೆಳೆಯರು ಕೇಳಿದರೆ ಹೇಳಲು ಬರುವುದಿಲ್ಲ.

ಉತ್ತರ: ಆದಿಲಶಾಹಿಗಳ ಕಾಲದಿಂದ ಕಥೋಲಿಕರಿರುವ ಊರು ನಿಮ್ಮದು, ಮೂರು ಪಂಚಾಂಗಗಳನ್ನು ಒಟ್ಟಿಗೆ ನೋಡುತ್ತ ಬೆಳೆದವರಿಗೆ ಉತ್ತರ ಸುಲಭ. ಮೊಹರಂ ಚಂದ್ರನನ್ನಷ್ಟೇ ನೋಡುತ್ತದೆ, ಕ್ರಿಸ್ಮಸ್ ಸೂರ್ಯನನ್ನಷ್ಟೇ. ಈಸ್ಟರ್, ನಿಮ್ಮ ನೆರೆಯವರ ಯುಗಾದಿಯಂತೆ, ಎರಡನ್ನೂ ನೋಡುತ್ತದೆ. ಯೇಸು ಶಿಲುಬೆಗೇರಿದ್ದು ಯೆಹೂದ್ಯರ ಪಾಸ್ಕ ಹಬ್ಬದ ಹೊತ್ತಿಗೆ. ಆ ಹಬ್ಬ ಬರುವುದು ವಸಂತದ ಹುಣ್ಣಿಮೆಗೆ. ಎಲ್ಲ ಕಡೆಯೂ ಒಂದೇ ಭಾನುವಾರ ಆಚರಿಸಬೇಕೆಂದು 325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪರ ಮಹಾಸಭೆ ನಿರ್ಧರಿಸಿತು. ಬಳಕೆಯಲ್ಲಿ ನಿಂತ ಸೂತ್ರ ಇದು: ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ. ಹೀಗಾಗಿ ಈಸ್ಟರ್ ಮಾರ್ಚ್ 22ಕ್ಕಿಂತ ಮುಂಚೆ ಬರುವುದಿಲ್ಲ, ಏಪ್ರಿಲ್ 25ನ್ನು ದಾಟುವುದೂ ಇಲ್ಲ.

ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಕೆಲವು ವರ್ಷ ಈಸ್ಟರ್ ಹೋಳಿ ಹುಣ್ಣಿಮೆಯ ಬೆನ್ನಿಗೆ, ಕೆಲವು ವರ್ಷ ದವನದ ಹುಣ್ಣಿಮೆಯ ಬೆನ್ನಿಗೆ ಬರುತ್ತದೆ. 2024ರಲ್ಲಿ ಮಾರ್ಚ್ 25ಕ್ಕೆ ಹೋಳಿ, 31ಕ್ಕೆ ಈಸ್ಟರ್. 2026ರಲ್ಲಿ ದವನದ ಹುಣ್ಣಿಮೆ ಏಪ್ರಿಲ್ 2ರಂದು, ಪವಿತ್ರ ಗುರುವಾರದಂದೇ ಬಂತು. ಭಾನುವಾರ 5ಕ್ಕೆ ಈಸ್ಟರ್. ಹಂಪಿಯಲ್ಲಿ ವಿರೂಪಾಕ್ಷನ ತೇರು ಎಳೆಯುವುದೂ ದವನದ ಹುಣ್ಣಿಮೆಗೇ ಎಂದರೆ ನಿಮ್ಮ ಗೆಳೆಯರಿಗೆ ಬೇಗ ಹತ್ತೀತು. ಇನ್ನೊಂದು ಸಂಗತಿ: ವಿಭೂತಿ ಬುಧವಾರ, ನಲವತ್ತನೆಯ ದಿನದ ಸ್ವರ್ಗಾರೋಹಣ, ಐವತ್ತನೆಯ ದಿನದ ಪವಿತ್ರಾತ್ಮರ ಹಬ್ಬ ಎಲ್ಲವೂ ಈಸ್ಟರನ್ನೇ ಕಟ್ಟಿಕೊಂಡು ಸರಿಯುತ್ತವೆ. ಊರವರ ಕಣ್ಣಿಗೆ ಕ್ರಿಸ್ಮಸ್ ದೊಡ್ಡ ಹಬ್ಬವಾಗಿ ಕಂಡರೂ, ಆರಾಧನಾ ವರ್ಷ ಸುತ್ತುವ ಗೂಟ ಈಸ್ಟರೇ.

ಪ್ರಶ್ನೆ: ಗಂಗಾವತಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಕ್ಕಳು ಡಿಸೆಂಬರ್ ಒಂದಕ್ಕೇ ನಕ್ಷತ್ರ ತೂಗಿಹಾಕಿ ಹಾಡು ಹಚ್ಚುತ್ತಾರೆ, 26ಕ್ಕೆ ಎಲ್ಲವನ್ನೂ ಕಳಚಿ ಅಟ್ಟಕ್ಕೆ ಏರಿಸುತ್ತಾರೆ. ಕ್ರಿಸ್ಮಸ್ಸಿಗೆ ಮುಂಚೆ ಕಾಯುವ ವಾರಗಳಾದ ಆಗಮನ ಕಾಲ ಎಂಬುದೊಂದು ಇತ್ತಲ್ಲ, ಅದನ್ನು ಮನೆಯಲ್ಲಿ ಹೇಗೆ ಉಳಿಸಿಕೊಳ್ಳಲಿ?

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು, ಅಮ್ಮ. ಕಾಯುವ ದಿನಗಳಲ್ಲಿ ಹಬ್ಬ ಮಾಡಿ, ಹಬ್ಬದ ದಿನಗಳಲ್ಲಿ ಸುಮ್ಮನಾಗುವ ಅಭ್ಯಾಸ ಅಂಗಡಿ ಬೀದಿಯಿಂದ ಬಂದದ್ದು, ದೇವಾಲಯದಿಂದಲ್ಲ. ಆಗಮನ ಕಾಲ ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಆರಂಭವಾಗುತ್ತದೆ. 2026ರಲ್ಲಿ ನವೆಂಬರ್ 29. ಗುರುಗಳ ಮೇಲುಡುಪು ನೇರಳೆಗೆ ತಿರುಗುವುದೂ, 'ಮಹೋನ್ನತದಲ್ಲಿ ದೇವರಿಗೆ ಮಹಿಮೆ' ಗೀತೆ ಭಾನುವಾರಗಳಲ್ಲಿ ನಿಲ್ಲುವುದೂ ಆಗಲೇ. ಡಿಸೆಂಬರ್ 16ರವರೆಗಿನ ವಾಚನಗಳು ಕ್ರಿಸ್ತರ ಎರಡನೆಯ ಬರವನ್ನು ಹೆಚ್ಚಾಗಿ ನೆನೆಯುತ್ತವೆ, 17ರಿಂದ ಬೆತ್ಲೆಹೇಮಿನ ಕಡೆ ಮುಖ ಮಾಡುತ್ತವೆ.

ಮಕ್ಕಳನ್ನು ಗದರಿದರೆ ಪ್ರಯೋಜನವಿಲ್ಲ. ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯನ್ನೇ ನಿಧಾನವಾಗಿ ಕಟ್ಟಿಸಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆ ಇಟ್ಟು ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಏರ್ಪಡಿಸಿದರು. ನಿಮ್ಮೂರಲ್ಲಿ ಭತ್ತದ ಹುಲ್ಲಿಗೇನು ಬರವೆ? ಮೊದಲ ವಾರ ಬರಿಯ ಹುಲ್ಲಿನ ಗುಡಿಸಲು, ಮುಂದಿನ ವಾರ ದನಕರು, ಆಮೇಲೆ ಮರಿಯಮ್ಮ, ಜೋಸೆಫರು. ಬಾಲಯೇಸು 24ರ ರಾತ್ರಿಯವರೆಗೆ ನಿಮ್ಮ ಪೆಟ್ಟಿಗೆಯಲ್ಲೇ ಇರಲಿ. ನೆರೆಮನೆಯವರು ನವರಾತ್ರಿಗೆ ಘಟ ಹಾಕುವಂತೆ, ಮೂರನೆಯ ವಾರಕ್ಕೆ ಮಣ್ಣಿನ ಕುಡಿಕೆಯಲ್ಲಿ ಗೋಧಿಯೋ ಜೋಳವೋ ಬಿತ್ತಿಸಿದರೆ ಹಬ್ಬಕ್ಕೆ ಗೋದಲಿಯ ಮುಂದೆ ಹಸಿರು ಮೊಳೆತಿರುತ್ತದೆ. ಮೂವರು ಜ್ಞಾನಿಗಳ ಗೊಂಬೆಗಳನ್ನು ಕೋಣೆಯ ಆ ಮೂಲೆಯಿಂದ ದಿನಕ್ಕೊಂದು ಗೇಣು ನಡೆಸುತ್ತ ತನ್ನಿ. ಅವರು ಬಂದು ಮುಟ್ಟುವುದು ಜನವರಿಯಲ್ಲಿ, ಪ್ರಭುಪ್ರಕಾಶದ ಹಬ್ಬಕ್ಕೆ. ಅಲ್ಲಿಯವರೆಗೆ ನಕ್ಷತ್ರ ಇಳಿಸುವಂತಿಲ್ಲ ಎಂದರೆ ಮಕ್ಕಳು ತಾವೇ ಕಾವಲು ನಿಲ್ಲುತ್ತಾರೆ.

ಪ್ರಶ್ನೆ: ಜೂನಿನಿಂದ ನವೆಂಬರಿನವರೆಗೆ ಪೂಜೆಯಲ್ಲಿ ಗುರುಗಳ ಮೇಲುಡುಪು ಹಸಿರೇ ಹಸಿರು. 'ಸಾಧಾರಣ ಕಾಲ' ಎಂಬ ಹೆಸರು ಬೇರೆ. ಆ ತಿಂಗಳುಗಳಿಗೆ ಮಹತ್ವವಿಲ್ಲವೆ? ಸಿಂಧನೂರಿನ ಒಬ್ಬ ರೈತ.

ಉತ್ತರ: ಲ್ಯಾಟಿನ್ನಿನಲ್ಲಿ ಅದಕ್ಕೆ 'ವರ್ಷದುದ್ದಕ್ಕೂ ಇರುವ ಕಾಲ' ಎನ್ನುತ್ತಾರೆ, ನಮ್ಮ 'ಸಾಧಾರಣ' ಎಂಬ ಮಾತು ಅದನ್ನು ಸ್ವಲ್ಪ ಸಪ್ಪೆ ಮಾಡಿದೆ. ವರ್ಷದ 33 ಅಥವಾ 34 ವಾರ ಇದರದೇ. ಉಳಿದ ಕಾಲಗಳಲ್ಲಿ ಯೇಸುವಿನ ಜನನ, ಮರಣ, ಪುನರುತ್ಥಾನಗಳನ್ನು ಆಚರಿಸಿದರೆ, ಇಲ್ಲಿ ಅವರ ಬೋಧನೆಯನ್ನು ವಾರವಾರವೂ ಬಿಡದೆ ಕೇಳುತ್ತೇವೆ. ಒಂದು ವರ್ಷ ಮತ್ತಾಯ, ಮುಂದಿನ ವರ್ಷ ಮಾರ್ಕ, ಅದರ ಮುಂದಿನ ವರ್ಷ ಲೂಕ. 2026 ಮತ್ತಾಯನ ವರ್ಷ. ಆ ಸರದಿಯಲ್ಲಿ ಬಿತ್ತುವವನ ಸಾಮತಿಯ (ದೃಷ್ಟಾಂತ ಕಥೆಯ) ಪಾಠ ಜುಲೈ 12ರ ಭಾನುವಾರಕ್ಕೆ ಬರುತ್ತದೆ. ದಾರಿಬದಿಯಲ್ಲಿ, ಕಲ್ಲುನೆಲದಲ್ಲಿ, ಮುಳ್ಳಿನ ನಡುವೆ, ಹದವಾದ ಮಣ್ಣಿನಲ್ಲಿ ಬಿದ್ದ ಬೀಜಗಳ ಕಥೆ ಅದು. ನೀವು ಸಸಿಮಡಿಯ ಚಿಂತೆಯಲ್ಲಿರುವ ದಿನಗಳವು. ಗುರುಗಳಿಗಿಂತ ಚೆನ್ನಾಗಿ ಆ ಪಾಠದ ಅರ್ಥವನ್ನು ನೀವೇ ಹೇಳಬಹುದು.